ಟಿವಿಯಾಗಿನ ಹುಡುಗ ಅಳಲಿಲ್ಲ, ನನ್ನ ಮಗ ಯಾಕೆ ಓಡಿಬಂದ?

ಪ್ರಶ್ನೆ: ನಮ್ಮದು ಗಂಗಾವತಿ. ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು. ಒಂದು ಮಗು ಪ್ರತಿ ಕಂತಿನಲ್ಲೂ ಹೊಸದೊಂದನ್ನು ಮಾಡಿ ನೋಡುವ ಮಕ್ಕಳ ಸರಣಿ ಅಂದರೆ ಅವನಿಗೆ ಪ್ರಾಣ. ಮೊದಲ ಸಲ ಕಟಿಂಗ್, ಮೊದಲ ಸಲ ಹಲ್ಲಿನ ಡಾಕ್ಟರ್, ಮೊದಲ ಸಲ ಈಜು, ಶಾಲೆಯ ಮೊದಲ ದಿನ, ಎಲ್ಲವೂ ಬಾಯಿಪಾಠ. ಕಟಿಂಗ್ ಕಂತನ್ನು ಮೂವತ್ತು ಸಲವಾದರೂ ನೋಡಿದ್ದಾನೆ. ಆದರೆ ಹೋದ ವಾರ ಕಟಿಂಗ್ ಅಂಗಡಿಯಲ್ಲಿ ಮಷೀನು ಹಚ್ಚಿದ್ದೇ ತಡ, ಹಲಗೆಯಿಂದ ಜಿಗಿದು ಹೊರಗೆ ಓಡಿದ. ಒಂದು ಬದಿಯ ಕೂದಲು ಹಾಗೇ ಉಳಿದಿದೆ. ಅವರಪ್ಪ "ಇನ್ನೂ ನಾಕು ಸಲ ತೋರಿಸು" ಅಂತಾರೆ. ಅತ್ತೆ "ಟಿವಿ ನೋಡಿ ನೋಡಿ ಕೂಸು ಅಂಜುಬುರುಕ ಆಗೈತಿ, ಬಂದ್ ಮಾಡು" ಅಂತಾರೆ. ಜೂನ್‌ಗೆ ಎಲ್‌ಕೆಜಿ. ಊಟದಲ್ಲೂ ಹೊಸದೇನನ್ನೂ ಮುಟ್ಟುವುದಿಲ್ಲ. ಇಂಥ ಸರಣಿಯಿಂದ ನಿಜವಾಗಿ ಪ್ರಯೋಜನ ಇದೆಯಾ? ತೋರಿಸಲಾ, ಬಿಡಲಾ?

ಉತ್ತರ: ತಂಗಿ, ನಿಮ್ಮ ಮಗ ಆ ಕಂತಿನಿಂದ ಕಲಿಯಬೇಕಾದದ್ದನ್ನೆಲ್ಲ ಕಲಿತಿದ್ದಾನೆ. ಅಂಗಡಿಯಲ್ಲಿ ಎತ್ತರದ ಕುರ್ಚಿ ಇರುತ್ತದೆ, ಕೊರಳಿಗೆ ಬಟ್ಟೆ ಕಟ್ಟುತ್ತಾರೆ, ಕೂದಲು ಕೆಳಗೆ ಬೀಳುತ್ತದೆ, ಕೊನೆಗೆ ಕನ್ನಡಿ ತೋರಿಸುತ್ತಾರೆ ಎಂಬ ಕ್ರಮ ಅವನ ತಲೆಯಲ್ಲಿ ಕೂತಿದೆ. ಅದಕ್ಕೇ ಅಂಗಡಿಯ ತನಕ ಬಂದ, ಕುರ್ಚಿಯ ಕೈಗಳ ಮೇಲೆ ಅಡ್ಡ ಹಾಕಿದ ಹಲಗೆಯನ್ನು ಹತ್ತಿ ಕೂತ, ಒಂದು ಬದಿ ಕತ್ತರಿ ಆಡಿಸಲೂ ಬಿಟ್ಟ. ಇದಿಷ್ಟನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಅವನು ಓಡಿದ್ದು ಟಿವಿಯಲ್ಲಿ ಇಲ್ಲದ ಸಂಗತಿಯೊಂದು ಮೈಗೆ ತಾಗಿದಾಗ: ಕಿವಿಯ ಹಿಂದೆ ಗುಂಯ್‌ಗುಡುತ್ತ ನಡುಗುವ ಮಷೀನು.

ಕೊಪ್ಪಳದಲ್ಲಿ ಚಿಕ್ಕ ಮಕ್ಕಳನ್ನು ನೋಡುತ್ತ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ಐದು ವರ್ಷಕ್ಕೆ ಹಾಕುವ ಡಿಪಿಟಿ ಬೂಸ್ಟರ್‌ಗೆಂದು ಬಂದಿದ್ದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಇಂಜೆಕ್ಷನ್ ಕಂತು ನೋಡಿ ತಯಾರಾಗಿ ಬಂದಿದ್ದಳು, ತೋಳನ್ನು ತಾನೇ ಮುಂದೆ ಚಾಚಿದಳು. ಸ್ಪಿರಿಟ್ ಹತ್ತಿಯಿಂದ ಒರೆಸಿದ ಕ್ಷಣವೇ ಕೈ ಎಳೆದುಕೊಂಡು ಅವ್ವನ ಸೆರಗಿನೊಳಗೆ ಹೊಕ್ಕಳು. ಏನು ಕೇಳಿದರೂ ಮಾತಿಲ್ಲ. ಬಹಳ ಹೊತ್ತಿನ ಮೇಲೆ ಸೆರಗಿನೊಳಗಿಂದಲೇ ಅಂದಳು: "ಟಿವಿಯಾಗ ವಾಸನಿ ಇರ್ಲಿಲ್ಲ."

ಹತ್ತಿಯ ಉಂಡೆಯನ್ನು ಅವಳ ಕೈಗೇ ಕೊಟ್ಟೆ. ಮೂಸಿ ಮುಖ ಸಿಂಡರಿಸಿದಳು. ನನ್ನ ಕೈಗೆ ಒರೆಸಿದಳು, ಆಮೇಲೆ ತನ್ನ ಮೊಣಕಾಲಿಗೆ. ಸ್ಪಿರಿಟ್ ಆರಿ ಚರ್ಮ ತಣ್ಣಗಾದದ್ದಕ್ಕೆ ಅವಳಿಗೆ ನಗು ಬಂತು. ಇನ್ನೊಂದು ಸಲ ಒರೆಸಿಕೊಂಡಳು. ಅದಾದ ಮೇಲೆ ತೋಳು ಕೊಟ್ಟಳು. ಸೂಜಿ ಚುಚ್ಚಿದಾಗ ಜೋರಾಗಿಯೇ ಅತ್ತಳು. ನೋವಾದರೆ ಮಕ್ಕಳು ಅಳಲೇಬೇಕು. ಆದರೆ ತೋಳು ಹಿಂದಕ್ಕೆ ಎಳೆಯಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಆ ಹುಡುಗಿಯ ಒಂದು ಮಾತಿನಲ್ಲೇ ಇದೆ. ಇಂಥ ಸರಣಿ ಮಗುವಿಗೆ ಮುಂದೇನಾಗುತ್ತದೆ ಎಂಬ ಕಥೆಯನ್ನು ಹೇಳಿಕೊಡುತ್ತದೆ. ವಾಸನೆ, ಸದ್ದು, ತಂಪು, ಗುರುತಿಲ್ಲದವರ ಕೈ, ಇವು ಪರದೆಯಿಂದ ದಾಟಿ ಬರುವುದಿಲ್ಲ. ಅವನ್ನು ಮನೆಯವರೇ ಮುಂಚಿತವಾಗಿ, ಚೂರುಚೂರಾಗಿ, ಮಗುವಿನ ಕೈಗೆ ಕೊಡಬೇಕು. ಹಾಗಾಗಿ ಟಿವಿ ಬಂದ್ ಮಾಡುವುದೂ ಬೇಡ, ಮೂವತ್ತೊಂದನೇ ಸಲ ತೋರಿಸಿದರೆ ಧೈರ್ಯ ಬರುತ್ತದೆ ಎಂದು ಕಾಯುವುದೂ ಬೇಡ.

ನೋಡಿ ಕಲಿಯುವುದು ಸುಳ್ಳಲ್ಲ, ಇದನ್ನು ಮೊದಲು ಹೇಳಿಬಿಡುತ್ತೇನೆ. 1975ರಲ್ಲಿ ಅಮೆರಿಕದ ಬಾರ್ಬರಾ ಮೆಲಮೆಡ್ ಮತ್ತು ಲಾರೆನ್ಸ್ ಸೀಗಲ್ ಎಂಬ ಮನಶ್ಶಾಸ್ತ್ರಜ್ಞರು, ಹರ್ನಿಯಾ, ಟಾನ್ಸಿಲ್‌ನಂಥ ಶಸ್ತ್ರಚಿಕಿತ್ಸೆಗೆ ಬಂದಿದ್ದ 4ರಿಂದ 12 ವರ್ಷದ 60 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಂದು ಚಿಕ್ಕ ಚಿತ್ರ ತೋರಿಸಿದರು. ಏಳು ವರ್ಷದ ಹುಡುಗನೊಬ್ಬ ಆಸ್ಪತ್ರೆಗೆ ಸೇರಿ, ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋಗುವ ಚಿತ್ರ. ಉಳಿದರ್ಧ ಮಕ್ಕಳಿಗೆ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಬೇರೊಂದು ಚಿತ್ರ. ಆಸ್ಪತ್ರೆಯ ಚಿತ್ರ ನೋಡಿದ ಮಕ್ಕಳಲ್ಲಿ ಆಪರೇಷನ್ನಿಗೆ ಮುಂಚೆಯೂ ಆಮೇಲೂ ಅಂಜಿಕೆ ಕಡಿಮೆ ಇತ್ತು. ಆ ಚಿತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಒಂದು ಅಂಶ: ಆ ಹುಡುಗ ವೀರನಲ್ಲ. ತನಗೆ ಎಲ್ಲೆಲ್ಲಿ ಅಂಜಿಕೆಯಾಯಿತು ಎಂದು ತಾನೇ ಹೇಳುತ್ತಾನೆ, ಹೇಳುತ್ತಲೇ ಮುಂದಿನ ಹೆಜ್ಜೆ ಇಡುತ್ತಾನೆ.

ಸರಣಿ ಆರಿಸುವಾಗ ನೋಡಬೇಕಾದದ್ದು ಇದನ್ನೇ. ಪರದೆಯ ಮೇಲಿನ ಮಗು ಮೊದಲು ಹಿಂಜರಿಯುತ್ತದೆಯೋ ಇಲ್ಲವೋ ಗಮನಿಸಿ. ಹೋದ ತಕ್ಷಣ ಕುಣಿದು, ಚಪ್ಪಾಳೆ ತಟ್ಟಿ, ಎಲ್ಲವನ್ನೂ ಗೆದ್ದುಬರುವ ಮಗುವನ್ನು ನೋಡಿದರೆ ಅಂಜುವ ಮಗುವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದು ಬೇರೆಯೇ ಜಾತಿಯ ಮಗು, ತನ್ನಂಥದ್ದಲ್ಲ ಎಂದು ಅವನಿಗೆ ಗೊತ್ತಾಗಿಬಿಡುತ್ತದೆ. ಯೂಟ್ಯೂಬಿನಲ್ಲಿ ಮಕ್ಕಳು 'ಚಾಲೆಂಜ್' ಎಂದು ಏನೇನೋ ಮಾಡುವ ವಿಡಿಯೊಗಳು ಈ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಅಂಜಿಕೆ ಎಂದರೆ ಒಂದು ಕಿರುಚಾಟ, ಅಷ್ಟೇ.

ಒಂದು ಒಳ್ಳೆಯ ಉದಾಹರಣೆ ಹೇಳುತ್ತೇನೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಡೇನಿಯಲ್ ಟೈಗರ್ ಸರಣಿಯ ನಾಯಕ ನಾಲ್ಕು ವರ್ಷದ ಹುಲಿಮರಿ. ಅದರ ಮೂಲ ಫ್ರೆಡ್ ರೋಜರ್ಸ್ ಎಂಬುವರು 1968ರಿಂದ ಅಮೆರಿಕದ ಮಕ್ಕಳಿಗಾಗಿ ನಡೆಸಿದ ಕಾರ್ಯಕ್ರಮದ ಒಂದು ಕೈಗೊಂಬೆ. ಡೇನಿಯಲ್ ಡಾಕ್ಟರ ಬಳಿ ಹೋಗುತ್ತಾನೆ, ಶಾಲೆಗೆ ಹೋಗುತ್ತಾನೆ, ಹೊಸ ಪಲ್ಯ ತಿನ್ನುತ್ತಾನೆ, ಪ್ರತಿ ಸಲ ಮೊದಲು ಅಳುಕುತ್ತಾನೆ. ಒಂದು ಪುಟ್ಟ ಹಾಡಿನ ಸಾಲು ಕಂತಿನುದ್ದಕ್ಕೂ ಮತ್ತೆಮತ್ತೆ ಬರುತ್ತದೆ. ಹೊಸದನ್ನು ಮಾಡುವ ಮುಂಚೆ ಏನೇನಾಗುತ್ತದೆ ಎಂದು ಮಾತಾಡಿಕೊಳ್ಳೋಣ ಎಂಬರ್ಥದ ಸಾಲೂ ಅದರಲ್ಲಿದೆ. ಈ ಸರಣಿಯ ಮೇಲೆ ಟೆಕ್ಸಾಸ್‌ನ ಸಂಶೋಧಕರು ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ 127 ಮಕ್ಕಳು, ಎರಡು ವಾರ, ಹತ್ತು ಕಂತು. ಇನ್ನೊಬ್ಬರ ಮನಸ್ಸು ಅರಿಯುವುದು, ಭಾವನೆ ಗುರುತಿಸುವುದು, ತನ್ನಿಂದಾಗುತ್ತದೆ ಎಂಬ ನಂಬಿಕೆ, ಇವು ಸರಣಿ ನೋಡಿದ ಎಲ್ಲ ಮಕ್ಕಳಲ್ಲೂ ಹೆಚ್ಚಾಗಲಿಲ್ಲ. ನೋಡಿದ್ದರ ಬಗ್ಗೆ ಅಪ್ಪ ಅಮ್ಮ ಪದೇಪದೇ ಮಾತಾಡುತ್ತಿದ್ದ ಮನೆಯ ಮಕ್ಕಳಲ್ಲಿ ಹೆಚ್ಚಾದವು. ಸರಣಿ ಅದೇ, ಕಂತುಗಳೂ ಅವೇ. ಫರಕು ಪಕ್ಕದಲ್ಲಿ ಕೂತವರ ಮಾತಿನದು.

ನೀವು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಅವನನ್ನು ಟಿವಿ ಮುಂದೆ ಕೂರಿಸುತ್ತೀರಿ ಎಂದು ನನಗೆ ಗೊತ್ತು, ಎಲ್ಲರ ಮನೆಯಲ್ಲೂ ಅದೇ ನಡೆಯುತ್ತದೆ, ಅದಕ್ಕೆ ನಾನು ಬೈಯುವವಳಲ್ಲ. ಆದರೆ ದಿನಕ್ಕೆ ಒಂದು ಕಂತನ್ನಾದರೂ ಪಕ್ಕದಲ್ಲಿ ಕೂತು ನೋಡಿ. ಅತ್ತೆಯವರೇ ಕೂತರೆ ಇನ್ನೂ ಚಲೋ. ಕಾರ್ಟೂನು ಇಂಗ್ಲಿಷಿನಲ್ಲಿದ್ದರೆ ದನಿ ಸಣ್ಣದು ಮಾಡಿ ನಿಮ್ಮ ಗಂಗಾವತಿ ಮಾತಿನಲ್ಲೇ ಕಥೆ ಹೇಳಿ. "ಈಗ ಅವಂಗ ಹೆಂಗ ಅನ್ಸಾಕ್ಹತ್ತೈತಿ? ಯಾಕ ಅವ್ವನ ಕೈ ಹಿಡಕೊಂಡ? ಆ ಮಷೀನು ಹೆಂಗ ಸಪ್ಪಳ ಮಾಡ್ತದ?" ಇಷ್ಟು ಸಾಕು. 2009ರಿಂದ ಚಿಂಟು ಟಿವಿ ಕನ್ನಡದಲ್ಲಿ ಕಾರ್ಟೂನು ತಂದದ್ದು ನಮ್ಮ ಮಕ್ಕಳಿಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಪುಸ್ತಕದಂಥ ಕನ್ನಡದಲ್ಲಿ "ನನಗೆ ಭಯವಾಗುತ್ತಿದೆ" ಎಂದು ಕೇಳಿದ ಮಗು, ತನಗೆ ಅಂಜಿಕೆಯಾದಾಗ ಹಾಗೆ ಹೇಳುವುದಿಲ್ಲ. ಅವನ ಅಂಜಿಕೆಗೆ ಅವನ ಮನೆಯ ಮಾತು ಬೇಕು.

ನಮ್ಮ ಸೀಮೆಯಲ್ಲಿ ಇದು ಹೊಸ ವಿದ್ಯೆಯೇನಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನಗೆ ತೊಗಲುಗೊಂಬೆ ಆಟದ ರಾತ್ರಿಗಳೇ ಕಣ್ಣ ಮುಂದೆ ಬಂದವು. ಅದೂ ಪರದೆಯೇ, ಬೆಳಕೇ. ರಾವಣ ಪರದೆಗೆ ಬಂದಾಗ ನಾನು ಅಜ್ಜಿಯ ತೊಡೆಗೆ ಒತ್ತಿಕೊಳ್ಳುತ್ತಿದ್ದೆ. ಅಜ್ಜಿ ಕಿವಿಯಲ್ಲಿ "ಈಗ ಹನುಮಪ್ಪ ಬರ್ತಾನ ನೋಡು" ಅನ್ನುತ್ತಿದ್ದಳು, ಅವನು ಬರುತ್ತಿದ್ದ. ಆಟ ಮುಗಿದ ಮೇಲೆ ಪರದೆಯ ಹಿಂದೆ ಕರೆದುಕೊಂಡು ಹೋಗಿ ಗೊಂಬೆಯ ತೊಗಲು ಮುಟ್ಟಿಸುತ್ತಿದ್ದಳು. ಆ ಒರಟು ತೊಗಲು ಬೆರಳಿಗೆ ಇನ್ನೂ ನೆನಪಿದೆ. ರಾವಣನ ಅಂಜಿಕೆ ಹೋದದ್ದು ಅಲ್ಲಿ, ಮುಟ್ಟಿದಾಗ.

ವಯಸ್ಸಿನ ಮಾತೂ ಹೇಳಬೇಕು, ಏಕೆಂದರೆ ನಿಮ್ಮ ಪತ್ರ ಓದಿ ಒಂದೂವರೆ ವರ್ಷದ ಕೂಸಿಗೆ ಇದನ್ನೆಲ್ಲ ತೋರಿಸಲು ಹೊರಡುವವರೂ ಇರುತ್ತಾರೆ. 1998ರಲ್ಲಿ ಟ್ರೋಸೆತ್ ಮತ್ತು ಡಿಲೋಚ್ ಎಂಬ ಸಂಶೋಧಕಿಯರು ಪಕ್ಕದ ಕೋಣೆಯಲ್ಲಿ ಆಟಿಕೆ ಬಚ್ಚಿಡುವುದನ್ನು ಮಕ್ಕಳಿಗೆ ಟಿವಿಯಲ್ಲಿ ತೋರಿಸಿದರು. ಎರಡು ವರ್ಷದ ಮಕ್ಕಳು ಆ ಕೋಣೆಗೆ ಹೋಗಿ ಬಹಳ ಸಲ ಹುಡುಕಲಾರದೆ ನಿಂತರು. ಅದೇ ಕೆಲಸವನ್ನು ಕಿಟಕಿಯಿಂದ ನೋಡಿದ ಅದೇ ವಯಸ್ಸಿನವರು ಸೀದಾ ಹೋಗಿ ತಂದರು. ಎರಡೂವರೆ ವರ್ಷದವರಿಗೆ ಟಿವಿ ನೋಡಿಯೂ ಸಿಕ್ಕಿತು. ಅಂದರೆ ತೀರ ಚಿಕ್ಕವರಿಗೆ ಪರದೆಯ ಲೋಕ ಬೇರೆ, ತಾವಿರುವ ಲೋಕ ಬೇರೆ. ನಿಮ್ಮ ಮಗ ಆ ಹಂತ ದಾಟಿದ್ದಾನೆ. ಹೊತ್ತಿನ ಮಿತಿ ಮಾತ್ರ ಮರೆಯಬೇಡಿ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಒಂದೇ ಕಂತನ್ನು ಮತ್ತೆಮತ್ತೆ ಕೇಳುತ್ತಾನೆ ಎಂದು ಚಿಂತಿಸಬೇಡಿ. ಈ ವಯಸ್ಸಿನಲ್ಲಿ ಮರುಕಳಿಸಿದಷ್ಟೂ ಕಥೆ ಗಟ್ಟಿಯಾಗುತ್ತದೆ. ಬ್ಲೂಸ್ ಕ್ಲೂಸ್ ಎಂಬ ಸರಣಿಯವರು ಒಂದೇ ಕಂತನ್ನು ಬೇಕೆಂದೇ ವಾರದ ಐದು ದಿನವೂ ಹಾಕುತ್ತಿದ್ದರು.

ಊಟದ ವಿಷಯಕ್ಕೆ ಬರುತ್ತೇನೆ. ಲಿಯಾನ್ ಬರ್ಚ್ ಎಂಬ ಸಂಶೋಧಕಿಯ ತಂಡ 1987ರಲ್ಲಿ ಚಿಕ್ಕ ಮಕ್ಕಳಿಗೆ ಗುರುತಿಲ್ಲದ ಕೆಲವು ಹಣ್ಣುಗಳನ್ನು ಬರೀ ನೋಡಲು ಕೊಟ್ಟಿತು, ಕೆಲವನ್ನು ರುಚಿ ನೋಡಲು ಕೊಟ್ಟಿತು. ನೋಡಿದ ಹಣ್ಣು ನೋಡಲು ಚಂದ ಎನಿಸಿತು, ತಿನ್ನಲು ಹಿಡಿಸಲಿಲ್ಲ. ನಾಲಿಗೆಗೆ ಹಚ್ಚಿದ್ದು ಮಾತ್ರ ತಿನ್ನಲು ಹಿಡಿಸಿತು. ಹಾಗಾಗಿ ಟಿವಿಯ ಮಗು ಸೊಪ್ಪು ತಿಂದದ್ದನ್ನು ಎಷ್ಟು ತೋರಿಸಿದರೂ ನಿಮ್ಮ ಮಗ ಪುಂಡಿಪಲ್ಯ ತಿನ್ನುವುದಿಲ್ಲ. ನಿಮ್ಮ ತಟ್ಟೆಯಿಂದ ಒಂದು ಚೂರು ರೊಟ್ಟಿಯ ತುದಿಗೆ ಹಚ್ಚಿ ಕೊಡಿ. ಉಗುಳಿದರೆ ಉಗುಳಲಿ, ಗದರಬೇಡಿ, ಎರಡು ದಿನ ಬಿಟ್ಟು ಮತ್ತೆ ಕೊಡಿ. ಹತ್ತು ಹದಿನೈದು ಸಲವೂ ಬೇಕಾಗುತ್ತದೆ. ಮೂರನೇ ಸಲಕ್ಕೆ "ಇವಂಗ ಸೇರಂಗಿಲ್ಲ" ಎಂದು ಕೈಬಿಡುವ ಮನೆಗಳೇ ಹೆಚ್ಚು.

ಈಗ ಕಟಿಂಗ್. ಕಂತನ್ನು ಸಂಜೆ ಒಂದು ಸಲ ನೋಡಿ, ಟಿವಿ ಆರಿಸಿ, ಮನೆಯಲ್ಲೇ ಅಂಗಡಿ ಹಾಕಿ. ಮೊದಲು ಅವನು ಕಟಿಂಗ್ ಮಾಡುವವನಾಗಲಿ, ಅಪ್ಪ ಗಿರಾಕಿಯಾಗಲಿ. ಹಳೇ ಪಂಚೆ ಕೊರಳಿಗೆ ಸುತ್ತಿ, ಬಾಚಣಿಗೆ ಕೊಡಿ, ನೀರು ಚಿಮುಕಿಸಲಿ. ಆ ಆಟದಲ್ಲಿ ಮಗು ಯಾವ ಸದ್ದು ಮಾಡುತ್ತದೆ, ಎಲ್ಲಿ ಕೈ ತಡೆಯುತ್ತದೆ ನೋಡಿ. ಅಂಜಿಕೆ ಎಲ್ಲಿದೆ ಎಂದು ಅಲ್ಲೇ ತಿಳಿಯುತ್ತದೆ. ನನಗೆ ಗೊತ್ತಿದ್ದ ಒಬ್ಬ ಹುಡುಗನಿಗೆ ಮಷೀನೂ ಅಲ್ಲ, ಕತ್ತರಿಯೂ ಅಲ್ಲ, ಕೊನೆಗೆ ಕುತ್ತಿಗೆಗೆ ಪೌಡರ್ ಹಚ್ಚುವ ಬ್ರಷ್ಷಿನ ಕಚಗುಳಿಯೇ ಭಯವಾಗಿತ್ತು. ಅವರವ್ವ ಬರೀ ಒಂದು ಬ್ರಷ್ ತಂದು ಮನೆಯಲ್ಲಿ ಆಡಲು ಕೊಟ್ಟಳು, ಅಷ್ಟಕ್ಕೇ ಸರಿಹೋಯಿತು.

ಮಾರನೇ ದಿನ ಅಪ್ಪನ ಜೊತೆ ಅಂಗಡಿಗೆ ಹೋಗಲಿ, ಆದರೆ ಕಟಿಂಗ್ ಅಪ್ಪನಿಗೆ. ಅವನು ಬೆಂಚಿನ ಮೇಲೆ ಕೂತು ನೋಡಲಿ. "ಇವತ್ತು ನಿಂದಲ್ಲ" ಎಂದು ಮನೆಯಲ್ಲೇ ಹೇಳಿ, ಆ ಮಾತು ಉಳಿಸಿಕೊಳ್ಳಿ. ಅಂಗಡಿಯಲ್ಲಿ ಅವನು ಕುಣಿಯುತ್ತಿದ್ದರೂ, ಬಂದದ್ದೇ ಬಂತು ಎಂದು ಹಲಗೆ ಹತ್ತಿಸಿದರೆ ಇಡೀ ಕೆಲಸ ಕೆಡುತ್ತದೆ. ಮಷೀನನ್ನು ದೂರದಲ್ಲೇ ಹಚ್ಚಿ ಆರಿಸಲು ಅಂಗಡಿಯ ಅಣ್ಣನಿಗೆ ಕೇಳಿಕೊಳ್ಳಿ. ಆಮೇಲೆ ಮಗನೇ ಬೇಕೆಂದರೆ ಅದರ ಬೆನ್ನಿನ ಮೇಲೆ ಬೆರಳಿಟ್ಟು ನಡುಕ ನೋಡಲಿ. ಗದ್ದಲ ಇಲ್ಲದ ಹೊತ್ತಿನಲ್ಲಿ ಹೋದರೆ ಇದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ.

ಓಣಿಯ ಹುಡುಗರು ಕಟಿಂಗಿಗೆ ಹೊರಟಾಗಲೂ ಜೊತೆಗೆ ಕಳಿಸಿ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ನಾಯಿಗೆ ಅಂಜುವ ಪುಟ್ಟ ಮಕ್ಕಳಿಗೆ, ತಮ್ಮದೇ ವಯಸ್ಸಿನ ಮಗು ನಾಯಿಯ ಹತ್ತಿರ ಹೆಜ್ಜೆಹೆಜ್ಜೆಯಾಗಿ ಹೋಗುವುದನ್ನು ತೋರಿಸಿದರು. ಮೊದಲು ದೂರದಿಂದ, ಆಮೇಲೆ ಒಂದು ಮುಟ್ಟು, ಆಮೇಲೆ ಅದರ ಜೊತೆ ಆಟ. ಅಂಜಿಕೆ ಇಳಿಯಿತು. ಚಿತ್ರದಲ್ಲಿ ತೋರಿಸಿದಾಗಲೂ ಇಳಿಯಿತು, ಆದರೆ ಒಂದೇ ಮಗು ಒಂದೇ ನಾಯಿಗಿಂತ, ಬೇರೆಬೇರೆ ಮಕ್ಕಳು ಬೇರೆಬೇರೆ ನಾಯಿಗಳ ಜೊತೆ ಇದ್ದ ಚಿತ್ರ ಹೆಚ್ಚು ಕೆಲಸ ಮಾಡಿತು. ಟಿವಿಯ ಒಬ್ಬ ಹುಡುಗನ ಜೊತೆಗೆ ಓಣಿಯ ಮೂವರು ಹುಡುಗರನ್ನು ಸೇರಿಸಿ ಎಂದು ನಾನು ಹೇಳುವುದು ಇದಕ್ಕೇ.

ತಂಗಿ, ಒಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. "ನೋಡು, ಟಿವಿಯಾಗಿನ ಹುಡುಗ ಅತ್ನೇನು? ನೀನ್ಯಾಕ ಅಳ್ತಿ?" ಈ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಇಲ್ಲಿಯ ತನಕ ಆ ಹುಡುಗ ನಿಮ್ಮ ಮಗನ ಗೆಳೆಯ. ಈ ಒಂದು ಮಾತಿನಿಂದ ಅವನು ಹೊಡೆಯುವ ಕೋಲಾಗುತ್ತಾನೆ, ಮಗು ಸರಣಿಯನ್ನೇ ಬೇಡ ಎನ್ನುತ್ತದೆ, ಅಂಜಿಕೆಯ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಅಂಜಿಕೆ ಬೇಗ ಇಳಿಯುತ್ತದೆ, ನಾಚಿಕೆ ಇಳಿಯುವುದಿಲ್ಲ. "ಅಳತಿದ್ರ ಡಾಕ್ಟ್ರು ಸೂಜಿ ಚುಚ್ಚತಾರ" ಎಂಬುದೂ ಬೇಡ. ಹಾಗೆ ಹೆದರಿಸಿದ ಮಕ್ಕಳೇ ನನ್ನ ಬಾಗಿಲಲ್ಲಿ ನಡುಗುತ್ತ ನಿಲ್ಲುತ್ತಾರೆ. "ಏನೂ ನೋವಾಗಂಗಿಲ್ಲ" ಎಂದು ಸುಳ್ಳು ಹೇಳುವುದೂ ಬೇಡ. "ಇರುವಿ ಕಡದಂಗ ಆಗ್ತದ, ನಾ ಕೈ ಹಿಡಕೊಂಡಿರ್ತೀನಿ" ಅನ್ನಿ, ಹಿಡಿದುಕೊಂಡಿರಿ.

ಎಲ್‌ಕೆಜಿಗೆ ಇನ್ನೂ ಸಮಯವಿದೆ. ಶಾಲೆಯ ಕಂತುಗಳೆಲ್ಲ ಮಿಸ್ಸು, ಬಣ್ಣದ ಗೋಡೆ, ಹೊಸ ಗೆಳೆಯರನ್ನು ತೋರಿಸುತ್ತವೆ. ಮಕ್ಕಳು ನನ್ನೆದುರು ಬಾಯಿಬಿಟ್ಟು ಹೇಳುವ ಅಂಜಿಕೆ ಬಹಳ ಸಲ ಬೇರೆಯೇ ಇರುತ್ತದೆ: ಶಾಲೆಯ ಪಾಯಖಾನೆ. ಅದು ಕತ್ತಲೆ, ಚಿಲಕ ಎಟಕುವುದಿಲ್ಲ, ಯಾರಿಗೆ ಹೇಳಬೇಕೋ ಗೊತ್ತಿಲ್ಲ. ಬೆಳಗಿನಿಂದ ತಡೆದುಕೊಂಡು ಕೂತು, ಹೊಟ್ಟೆನೋವೆಂದು ನನ್ನ ಹತ್ತಿರ ಬರುತ್ತಾರೆ. ಅಡ್ಮಿಷನ್ನಿಗೆ ಹೋದ ದಿನವೇ ಮಗನನ್ನು ಕರೆದುಕೊಂಡು ಹೋಗಿ, ಪಾಯಖಾನೆ ಎಲ್ಲಿ, ಬಾಗಿಲು ಹೇಗೆ, ಯಾವ ಆಯಾಗೆ ಕೇಳಬೇಕು ಎಂದು ತೋರಿಸಿ. ಒಂದು ಸಲ ಅಲ್ಲೇ ಹೋಗಿ ಬರಲಿ. ಚಡ್ಡಿ ತಾನೇ ಬಿಚ್ಚಿ ಏರಿಸಿಕೊಳ್ಳುವಂಥದ್ದನ್ನೇ ಹೊಲಿಸಿ. ಟಿಫಿನ್ ಡಬ್ಬಿಯ ಮುಚ್ಚಳ ತಾನೇ ತೆಗೆಯಲು ಬರುತ್ತದೋ ಎಂದು ಬೇಸಿಗೆಯಲ್ಲೇ ನೋಡಿಬಿಡಿ.

ಕೆಲವು ಮಕ್ಕಳ ಅಂಜಿಕೆ ಬೇರೆ ಬಗೆಯದು. ಕುಕ್ಕರ್ ಸೀಟಿ, ಮಿಕ್ಸರ್, ಬೈಕು, ಹೀಗೆ ದಿನದ ಸದ್ದಿಗೆಲ್ಲ ಕಿವಿ ಮುಚ್ಚಿಕೊಂಡು ಅಳುವುದು, ಕರೆದರೆ ತಿರುಗದಿರುವುದು, ಕಣ್ಣಿಗೆ ಕಣ್ಣು ಕೊಡದಿರುವುದು, ವಯಸ್ಸಿಗೆ ತಕ್ಕ ಮಾತು ಬಾರದಿರುವುದು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗಲೂ ಕೇಳಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಕಥೆ ಬಾಯಿಪಾಠ ಹೇಳುವ ಹುಡುಗ ಅವನು.

ಉಳಿದ ಒಂದು ಬದಿಯ ಕೂದಲಿಗೆ ಮನೆಯಲ್ಲಿ ಕತ್ತರಿ ಹಿಡಿಯಬೇಡಿ, ಮಲಗಿದಾಗಲಂತೂ ಬೇಡವೇ ಬೇಡ. ಎಚ್ಚರವಾದಾಗ ಅವನಿಗೆ ಮಲಗುವುದೂ ಅಂಜಿಕೆಯ ಕೆಲಸವಾಗುತ್ತದೆ. ನೋಡಿದವರು ನಗಲಿ, ಎರಡು ವಾರ ಟೋಪಿ ಹಾಕಿ. ಮಂಗಳವಾರ ಅಂಗಡಿ ಬಂದ್ ಇರುತ್ತದೆ. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೆ ಅವರಪ್ಪ ಕರೆದುಕೊಂಡು ಹೋಗಲಿ, ಕತ್ತರಿಯಿಂದ ಮಾತ್ರ, ಮಷೀನು ಬೇಡ ಎಂದು ಮೊದಲೇ ಹೇಳಿರಲಿ. ಯಾವ ಬದಿಯಿಂದ ಶುರು ಮಾಡಬೇಕೆಂದು ಮಗನನ್ನೇ ಕೇಳಲಿ.